ಕಿವಿಯ ಆಕಾರ ಮತ್ತು ವ್ಯಕ್ತಿಯ ಗುರುತು: ಒಂದು ಪ್ರಮಾಣವಿಮರ್ಶೆ

ಮನುಷ್ಯನ ಹೊರಕಿವಿಯ ಆಕಾರವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾದುದು. ಆದಕಾರಣ ಕಿವಿಯೊಂದನ್ನೇ ಆಧಾರವಾಗಿಟ್ಟುಕೊಂಡು ಒಬ್ಬನನ್ನು ನಿಸ್ಸಂದೇಹವಾಗಿ ಗುರುತಿಸಬಹುದು. ಈ ವಾದವು ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಿಂದ ಈವರೆಗೆ ಅಪರಾಧಶೋಧನೆಯ ಶಾಸ್ತ್ರದಲ್ಲಿ ಹಲವು ಬಾರಿ ತಲೆಯೆತ್ತಿದೆ, ಹಲವು ಬಾರಿ ಪೆಟ್ಟುತಿಂದಿದೆ, ಆದರೂ ಕಣದಿಂದ ಹಿಂದೆ ಸರಿದಿಲ್ಲ. ಇದರ ಪೂರ್ವಾರ್ಧವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ನಮ್ಮ ತಕರಾರು ಇರುವುದು ‘ಆದಕಾರಣ’ ಎಂಬ ಒಂದು ಪದದ ಮೇಲೆ.

ಅಂಗರಚನಾಶಾಸ್ತ್ರಜ್ಞರೂ ನ್ಯಾಯವಾದಿಗಳೂ ಚರ್ಚಿಸಬೇಕಾದ ಈ ವಿಷಯಕ್ಕೆ ಇತಿಹಾಸವಿಭಾಗದ ವಾರ್ಷಿಕದಲ್ಲಿ ಏನು ಸ್ಥಾನ ಎಂದು ಕೆಲವರು ಕೇಳಬಹುದು. ಹಳೆಯ ಛಾಯಾಚಿತ್ರವೊಂದನ್ನು ಮುಂದಿಟ್ಟುಕೊಂಡು ‘ಇಲ್ಲಿ ಎಡಗಡೆ ನಿಂತಿರುವವನು ಇಂಥವನೇ’ ಎಂದು ಬರೆಯದ ಇತಿಹಾಸಲೇಖಕನು ವಿರಳ. ಮುಖ ಮಸುಕಾಗಿದ್ದರೆ ಮೂಗನ್ನು ನೋಡುತ್ತೇವೆ. ಮೀಸೆ ಗಡ್ಡಗಳು ಮೂಗಿನ ಕೆಳಗಣ ಭಾಗವನ್ನೆಲ್ಲ ಮುಚ್ಚಿದ್ದರೆ ಕಿವಿಯನ್ನು ನೋಡುತ್ತೇವೆ. ಹೀಗೆ ನೋಡುವಾಗ ನಾವು ಮಾಡುವ ತರ್ಕವೂ ನ್ಯಾಯಾಲಯದಲ್ಲಿ ಕಿವಿಯ ಪರಿಣತನು ಮಾಡುವ ತರ್ಕವೂ ಒಂದೇ ಜಾತಿಯವು. ಆತನ ತರ್ಕ ತಪ್ಪಿದರೆ ಒಬ್ಬ ನಿರಪರಾಧಿ ಸೆರೆಗೆ ಹೋಗುತ್ತಾನೆ. ನಮ್ಮದು ತಪ್ಪಿದರೆ ಪುಸ್ತಕದಲ್ಲಿ ಒಂದು ಸುಳ್ಳು ಉಳಿಯುತ್ತದೆ. ಆತನ ತಪ್ಪುಗಳು ಬಯಲಾಗುವುದಕ್ಕೆ ಮೇಲ್ಮನವಿಯ ಪೀಠಗಳಾದರೂ ಇವೆ.

ಮೊದಲು ವಸ್ತುವಿನ ಪರಿಚಯ. ಹೊರಕಿವಿಯು ಮೃದ್ವಸ್ಥಿಯ ಮೇಲೆ ಚರ್ಮವನ್ನು ಹೊದೆಸಿದ ಒಂದು ರಚನೆ. ಅದರ ಹೊರ ಅಂಚಿನ ಸುರುಳಿ, ಸುರುಳಿಯ ಒಳಗಡೆ ಅದಕ್ಕೆ ಸಮಾಂತರವಾಗಿ ಸಾಗುವ ಮಡಿಕೆ, ನಡುವಣ ಕುಳಿ, ರಂಧ್ರದ ಮುಂಭಾಗದ ಚಿಕ್ಕ ದಿಬ್ಬ, ಕೆಳಗೆ ಮೃದ್ವಸ್ಥಿಯಿಲ್ಲದೆ ಜೋಲುವ ಹಾಲೆ, ಇವು ಮುಖ್ಯ ಅವಯವಗಳು. ಗರ್ಭದಲ್ಲಿಯೇ ಇವುಗಳ ರೂಪ ನಿಲ್ಲುತ್ತದೆ. ಪ್ರಮಾಣವಾದರೋ ನಿಲ್ಲುವುದಿಲ್ಲ: ೧೯೯೫ರಲ್ಲಿ ಇಂಗ್ಲೆಂಡಿನ ವೈದ್ಯರಾದ ಹೀತ್‌ಕೋಟ್ ಎಂಬವರು ೨೦೬ ಮಂದಿ ರೋಗಿಗಳ ಕಿವಿಗಳನ್ನು ಅಳೆದು ವರ್ಷಕ್ಕೆ ಸರಾಸರಿ ೦.೨೨ ಮಿಲಿಮೀಟರಿನಂತೆ ಉದ್ದ ಹೆಚ್ಚುವುದೆಂದು ಪ್ರಕಟಿಸಿದರು. ನಮ್ಮ ದೇಶದಲ್ಲಂತೂ ಹಾಲೆಯನ್ನು ನಂಬುವಂತೆಯೇ ಇಲ್ಲ. ಕಿವಿ ಚುಚ್ಚುವ ಸಂಸ್ಕಾರವು ಗಂಡು ಹೆಣ್ಣೆನ್ನದೆ ನಡೆದುಬಂದಿದೆ. ಭಾರವಾದ ಓಲೆಯನ್ನು ಬಾಲ್ಯದಿಂದ ಧರಿಸಿದ ಅಜ್ಜಿಯ ಕಿವಿಯನ್ನು ಆಕೆಯ ಮದುವೆಯ ಕಾಲದ ಚಿತ್ರದೊಡನೆ ಹೋಲಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗರಡಿಯ ಪೈಲ್ವಾನನ ಕಿವಿ ನಜ್ಜಾಗಿ ಗಂಟುಕಟ್ಟುವುದೂ ಎಲ್ಲರೂ ಬಲ್ಲ ಸಂಗತಿ.

ಕಿವಿಗೆ ಶಾಸ್ತ್ರದಲ್ಲಿ ಗೌರವದ ಪೀಠವನ್ನು ಕೊಟ್ಟವನು ಆಲ್ಫಾನ್ಸ್ ಬರ್ಟಿಲಾನ್ (೧೮೫೩–೧೯೧೪). ೧೮೭೯ರಲ್ಲಿ ಪ್ಯಾರಿಸ್ ನಗರದ ಪೊಲೀಸು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದ ಈತನು, ಪದೇ ಪದೇ ಅಪರಾಧ ಮಾಡಿ ಹೆಸರು ಬದಲಾಯಿಸಿಕೊಂಡು ಬರುವವರನ್ನು ಗುರುತಿಸುವ ಉಪಾಯವೇನೆಂದು ಯೋಚಿಸಿ, ದೇಹದ ಅಳತೆಗಳ ಪದ್ಧತಿಯೊಂದನ್ನು ಕಟ್ಟಿದನು. ಎತ್ತರ, ಚಾಚಿದ ತೋಳುಗಳ ಹರವು, ತಲೆಯ ಉದ್ದಗಲ, ಎಡಪಾದ, ಎಡಗೈಯ ನಡುಬೆರಳು ಮೊದಲಾದ ಹನ್ನೊಂದು ಅಳತೆಗಳಲ್ಲಿ ಬಲಗಿವಿಯ ಉದ್ದವೂ ಒಂದು. ಪ್ರತಿಯೊಂದು ಅಳತೆಯನ್ನೂ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರಾಗಿ ಒಡೆದು, ಆ ಕ್ರಮದಲ್ಲಿ ಚೀಟಿಗಳನ್ನು ಕಪಾಟಿನ ಖಾನೆಗಳಲ್ಲಿ ಇಡುವುದು ಅವನ ಯೋಜನೆ. ೧೮೮೩ರ ಫೆಬ್ರುವರಿಯಲ್ಲಿ ಈ ಕ್ರಮದಿಂದ ಮೊದಲನೆಯ ಹಳೆಯ ಅಪರಾಧಿ ಸಿಕ್ಕಿದನು. ೧೮೮೪ರಲ್ಲಿ ೨೪೧ ಮಂದಿ. ಅಳತೆಯ ಜೊತೆಗೆ ಮುಖದ ಎದುರಿನಿಂದ ಒಂದು, ಬಲಗಡೆಯಿಂದ ಒಂದು, ಹೀಗೆ ಎರಡು ಛಾಯಾಚಿತ್ರಗಳನ್ನು ತೆಗೆಯುವ ವಾಡಿಕೆಯನ್ನೂ ಅವನೇ ನೆಲೆಗೊಳಿಸಿದನು. ಪಕ್ಕದ ಚಿತ್ರದ ಉದ್ದೇಶಗಳಲ್ಲಿ ಬಲಗಿವಿಯನ್ನು ಕಾಣಿಸುವುದೇ ಪ್ರಧಾನ. ಅಮೆರಿಕದ ವಲಸೆ ಇಲಾಖೆಯು ಬಲಗಿವಿ ಕಾಣುವಂತೆ ಓರೆಯಾಗಿ ಕುಳಿತು ತೆಗೆಸಿದ ಚಿತ್ರವನ್ನು ೨೦೦೪ರವರೆಗೂ ಕೇಳುತ್ತಿತ್ತೆಂಬುದನ್ನು ಅಲ್ಲಿ ನೆಲಸಿದ ನಮ್ಮವರಲ್ಲಿ ಹಲವರು ಬಲ್ಲರು. ಆ ಓರೆ ಕುಳಿತದ ಪೂರ್ವಜನು ಪ್ಯಾರಿಸಿನ ಈ ಗುಮಾಸ್ತೆ.

ಕಿವಿಯನ್ನು ಕುರಿತು ಬರ್ಟಿಲಾನನು ತನ್ನ ಬರೆಹಗಳಲ್ಲಿ ಆಡಿರುವ ಮಾತುಗಳು ಪ್ರಶಸ್ತಿಯ ಧಾಟಿಯವು. ಹುಟ್ಟಿದಂದಿನಿಂದ ರೂಪ ಬದಲಾಗದ, ಪರಿಸರಕ್ಕೂ ಶಿಕ್ಷಣಕ್ಕೂ ಬಗ್ಗದ, ವಂಶದಿಂದ ಬಂದ ಸೊತ್ತಿನಂತೆ ಕಡೆಯವರೆಗೆ ಉಳಿಯುವ ಅಂಗವಿದು. ಗುರುತಿನ ದೃಷ್ಟಿಯಿಂದ ಇದಕ್ಕಿಂತ ಮಿಗಿಲಾದುದಿಲ್ಲ ಎಂಬುದು ಅವನ ಅಭಿಪ್ರಾಯದ ಸಾರ. ಇದರಲ್ಲಿ ಅವನೇ ಗಮನಿಸದ ಒಂದು ತೊಡಕಿದೆ. ವಂಶದಿಂದ ಬಂದದ್ದೆಂದರೆ ವಂಶದವರಲ್ಲಿ ಹಂಚಿಹೋದದ್ದೆಂದೂ ಅರ್ಥವಷ್ಟೆ. ೧೮೯೩ರಲ್ಲಿ ಪ್ರಕಟವಾದ ಕಾನನ್ ಡಾಯಲ್‌ರ ಒಂದು ಪತ್ತೇದಾರಿ ಕಥೆಯಲ್ಲಿ ಷರ್ಲಾಕ್ ಹೋಮ್ಸನು ಪೆಟ್ಟಿಗೆಯಲ್ಲಿ ಬಂದ ಕತ್ತರಿಸಿದ ಕಿವಿಯನ್ನು ನೋಡಿ, ಎದುರಿಗೆ ಕುಳಿತ ಮಹಿಳೆಯ ಕಿವಿಯನ್ನೂ ನೋಡಿ, ಸತ್ತವಳು ಈಕೆಯ ಸೋದರಿಯಿರಬೇಕೆಂದು ಊಹಿಸುತ್ತಾನೆ. ಕಥೆಯಲ್ಲಿ ಕಿವಿಯ ಅನನ್ಯತೆಯನ್ನು ಹೊಗಳಿದರೂ ಕಾರ್ಯದಲ್ಲಿ ಅವನು ಉಪಯೋಗಿಸುವುದು ಅನನ್ಯತೆಯನ್ನಲ್ಲ, ಸಾದೃಶ್ಯವನ್ನು. ಕಥೆಗಾರನಿಗೆ ಇದು ಸಲ್ಲುತ್ತದೆ. ಶಾಸ್ತ್ರಕಾರನು ಎರಡನ್ನೂ ಏಕಕಾಲದಲ್ಲಿ ಬೇಡುವಂತಿಲ್ಲ.

ಬರ್ಟಿಲಾನನ ಪದ್ಧತಿಗೆ ಕೊನೆ ಬಂದದ್ದು ಭಾರತದಿಂದ ಎಂಬುದು ನಮ್ಮ ವಿದ್ಯಾರ್ಥಿಗಳು ನೆನಪಿಡತಕ್ಕ ಸಂಗತಿ. ೧೮೯೧ರಿಂದ ಬಂಗಾಳದ ಪೊಲೀಸಿನ ಮುಖ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಹೆನ್ರಿಯು ಮೊದಲು ಈ ಅಳತೆಗಳನ್ನೇ ಜಾರಿಗೆ ತಂದನು. ಒಬ್ಬನೇ ಮನುಷ್ಯನನ್ನು ಇಬ್ಬರು ಸಿಬ್ಬಂದಿ ಅಳೆದರೆ ಎರಡು ಲೆಕ್ಕ ಬರುವುದನ್ನೂ, ಉಪಕರಣಗಳಿಗೂ ತರಬೇತಿಗೂ ತಗಲುವ ವೆಚ್ಚವನ್ನೂ ಕಂಡು, ಬೆರಳಿನ ಗುರುತುಗಳ ಕಡೆಗೆ ತಿರುಗಿದನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಾರ್ಯಾಲಯ ಸ್ಥಾಪಿತವಾಯಿತು. ಆ ಗುರುತುಗಳನ್ನು ವರ್ಗೀಕರಿಸುವ ಗಣಿತವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳ ಪಾಲು ದೊಡ್ಡದು; ಪದ್ಧತಿಗೆ ನಿಂತ ಹೆಸರು ಮಾತ್ರ ಹೆನ್ರಿಯದು.

ಬರ್ಟಿಲಾನನ ವೃತ್ತಿಜೀವನದ ಇನ್ನೊಂದು ಪ್ರಕರಣವನ್ನು ಇಲ್ಲಿ ಬಿಡುವಂತಿಲ್ಲ. ಅದು ಕಿವಿಗೆ ಸಂಬಂಧಿಸಿದುದಲ್ಲವಾದರೂ ಅವನ ತರ್ಕದ ಸ್ವಭಾವವನ್ನು ಬೆಳಕಿಗೆ ತರುತ್ತದೆ. ೧೮೯೪ರಲ್ಲಿ ಫ್ರೆಂಚ್ ಸೇನೆಯ ಕ್ಯಾಪ್ಟನ್ ಡ್ರೈಫಸ್‌ನ ಮೇಲೆ ದೇಶದ್ರೋಹದ ಆರೋಪ ಬಂದಾಗ, ಆಧಾರವಾಗಿದ್ದ ಪತ್ರದ ಕೈಬರೆಹವನ್ನು ಪರೀಕ್ಷಿಸಲು ಕರೆಸಿದವರಲ್ಲಿ ಬರ್ಟಿಲಾನನೂ ಒಬ್ಬ. ಪತ್ರದ ಅಕ್ಷರಗಳು ಡ್ರೈಫಸ್‌ನ ಅಕ್ಷರಗಳನ್ನು ಹೋಲಿದಲ್ಲಿ ಅದು ಅವನ ಬರೆಹವೆಂಬುದಕ್ಕೆ ಪ್ರಮಾಣ. ಹೋಲದಿದ್ದಲ್ಲಿ ಅವನು ಬೇಕೆಂದೇ ತನ್ನ ಕೈಯನ್ನು ತಾನೇ ನಕಲು ಮಾಡಿ ಮರೆಸಿದನೆಂಬುದಕ್ಕೆ ಪ್ರಮಾಣ! ೧೯೦೪ರಲ್ಲಿ ಡಾರ್ಬೂ, ಆಪೆಲ್ ಮತ್ತು ಪ್ವಾಂಕರೇ ಎಂಬ ಮೂವರು ಗಣಿತಜ್ಞರು ಆ ಲೆಕ್ಕಗಳನ್ನು ಪರಿಶೀಲಿಸಿ, ಸಂಭವನೀಯತೆಯ ಗಣಿತವನ್ನು ಅಲ್ಲಿ ಅಪಪ್ರಯೋಗಿಸಲಾಗಿದೆ ಎಂದು ವರದಿಯಿತ್ತರು. ೧೯೦೬ರಲ್ಲಿ ಡ್ರೈಫಸ್ ನಿರ್ದೋಷಿಯೆಂದು ತೀರ್ಮಾನವಾಯಿತು. ಕಪಾಟಿನ ಖಾನೆಯಿಂದ ಒಂದು ಚೀಟಿಯನ್ನು ಹುಡುಕಿ ತೆಗೆಯುವವರೆಗೆ ಬರ್ಟಿಲಾನನು ಅಚ್ಚುಕಟ್ಟಾದ ಕೆಲಸಗಾರ. ಏಕೆಂದರೆ ಅಲ್ಲಿ ಅಳತೆ ಕೂಡಿಬರದಿದ್ದರೆ ಚೀಟಿ ಸಿಕ್ಕುತ್ತಿರಲಿಲ್ಲ. ತಪ್ಪಿಗೆ ಕೂಡಲೇ ಶಿಕ್ಷೆಯಿತ್ತು. ಹೋಲಿಕೆಯನ್ನು ಅಭೇದವೆಂದು ಓದುವ ಅಧಿಕಾರ ಕೈಗೆ ಬಂದಾಗ ಆ ಕಡಿವಾಣ ಕಳಚಿತು.

ಈ ನಡುವೆ ಕಿವಿಯನ್ನು ನೋಡಿದವರು ಕಲಾವಿಮರ್ಶಕರೂ ಹೌದು. ವೈದ್ಯಶಾಸ್ತ್ರವನ್ನು ಓದಿದ್ದ ಇಟಲಿಯ ಜೊವಾನಿ ಮೊರೆಲ್ಲಿಯು ೧೮೭೪ರಿಂದ ೧೮೭೬ರವರೆಗೆ ಕಲ್ಪಿತ ರಷ್ಯನ್ ಹೆಸರಿನಲ್ಲಿ ಬರೆದ ಲೇಖನಗಳಲ್ಲಿ, ಚಿತ್ರಕಾರನನ್ನು ಕಂಡುಹಿಡಿಯಬೇಕಾದರೆ ಕಿವಿ, ಉಗುರುಗಳಂಥ ಅಲಕ್ಷಿತ ಭಾಗಗಳನ್ನು ನೋಡಬೇಕೆಂದನು. ಆದರೆ ಮೊರೆಲ್ಲಿಯ ಕಿವಿ ಬರೆಯಿಸಿಕೊಂಡವನದಲ್ಲ, ಬರೆದವನ ಕೈಚಳಕದ್ದು. ಶ್ರವಣಬೆಳಗೊಳದ ಗೊಮ್ಮಟನ ನೀಳಗಿವಿಯಾದರೋ ಶಿಲ್ಪಲಕ್ಷಣದ್ದು. ಈ ಭೇದವನ್ನು ಮರೆತು ರಾಜರ ಚಿತ್ರಪಟಗಳ ಕಿವಿಯಿಂದ ರಾಜರ ಸಂಬಂಧಗಳನ್ನು ಹೇಳುವವರಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕಿವಿಯ ಪಕ್ಷವನ್ನು ಹಿಡಿದು ನಿಂತವನು ಕ್ಯಾಲಿಫೋರ್ನಿಯದ ಆಲ್ಫ್ರೆಡ್ ಯಾನರೆಲ್ಲಿ. ೧೯೪೮ರಿಂದ ಈ ಅಭ್ಯಾಸದಲ್ಲಿ ತೊಡಗಿದ ಈ ಪೊಲೀಸು ಅಧಿಕಾರಿಯ ಗ್ರಂಥವು ೧೯೬೪ರಲ್ಲಿ ಹೊರಬಂದಿತು. ಪರಿಷ್ಕೃತ ರೂಪ ೧೯೮೯ರಲ್ಲಿ. ಕಿವಿಯ ಛಾಯಾಚಿತ್ರದ ಮೇಲೆ ಪಾರದರ್ಶಕ ಹಾಳೆಯೊಂದನ್ನಿಟ್ಟು, ಒಂದು ಕೇಂದ್ರಬಿಂದುವಿನಿಂದ ಹನ್ನೆರಡು ಅಳತೆಗಳನ್ನು ೩ ಮಿಲಿಮೀಟರಿನ ಮಾನದಲ್ಲಿ ತೆಗೆಯುವುದು ಅವನ ವಿಧಾನ. ಹತ್ತು ಸಾವಿರ ಕಿವಿಗಳನ್ನು ನೋಡಿದೆನು, ಅವಳಿಮಕ್ಕಳ ಕಿವಿಗಳನ್ನೂ ನೋಡಿದೆನು, ಎರಡು ಒಂದೇ ಆಗಿದ್ದುದು ಕಾಣಲಿಲ್ಲ ಎಂಬುದು ಅವನ ಸಾಧನೆ. ಈ ಹತ್ತು ಸಾವಿರವೆಂಬ ಸಂಖ್ಯೆಯನ್ನು ಬಳಿಕ ಬರೆದವರೆಲ್ಲ ಒಬ್ಬರಿಂದೊಬ್ಬರು ಎತ್ತಿಕೊಂಡಿದ್ದಾರೆ. ನಾವು ಸ್ವಲ್ಪ ನಿಂತು ನೋಡೋಣ. ಹತ್ತು ಸಾವಿರ ಕಿವಿಗಳಲ್ಲಿ ಪ್ರತಿಯೊಂದನ್ನೂ ಮಿಕ್ಕ ಪ್ರತಿಯೊಂದರೊಡನೆ ಹೋಲಿಸಬೇಕಾದರೆ ಆಗುವ ಜೋಡಿಗಳು ೪,೯೯,೯೫,೦೦೦. ಐದು ಕೋಟಿಗೆ ಐದು ಸಾವಿರ ಕಡಮೆ. ದಿನಕ್ಕೆ ಸಾವಿರ ಜೋಡಿಗಳನ್ನು ನೋಡುವವನಿಗೂ ಇದು ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಕೆಲಸ. ಅಳೆದವನೂ ಹೋಲಿಸಿದವನೂ ತೀರ್ಪು ಹೇಳಿದವನೂ ಒಬ್ಬನೇ ಆಗಿರುವ ಈ ಶ್ರಮವನ್ನು, ಅನ್ಯರು ಸ್ವತಂತ್ರವಾಗಿ ಪರೀಕ್ಷಿಸಿ ಒಪ್ಪಿದ ಅಧ್ಯಯನವೆಂದು ಕರೆಯಲಾಗದು.

ಇನ್ನೊಂದು ಆಕ್ಷೇಪವು ಕಿವಿಯ ಪಕ್ಷಪಾತಿಗಳಿಂದಲೇ ಬಂದಿದೆ. ಶತಮಾನದ ಅಂತ್ಯದಲ್ಲಿ ಯಂತ್ರಗಣಕದಿಂದ ಕಿವಿಯನ್ನು ಗುರುತಿಸುವ ಪ್ರಯತ್ನ ಮಾಡಿದ ಬರ್ಜ್ ಮತ್ತು ಬರ್ಗರ್ ಎಂಬ ವಿದ್ವಾಂಸರು ಎರಡು ಅಂಶಗಳನ್ನು ಎತ್ತಿ ತೋರಿಸಿದರು. ಕೇಂದ್ರಬಿಂದುವನ್ನು ಗುರುತಿಸುವುದರಲ್ಲಿ ಸ್ವಲ್ಪ ಜಾರಿದರೂ ಹನ್ನೆರಡು ಅಳತೆಗಳೂ ಒಟ್ಟಿಗೇ ಕೆಡುತ್ತವೆ. ಅಲ್ಲದೆ ಪ್ರತಿಯೊಂದು ಅಳತೆಗೂ ಸುಮಾರು ನಾಲ್ಕು ಮೆಟ್ಟಿಲುಗಳ ವ್ಯತ್ಯಾಸವೆಂದು ಇಟ್ಟುಕೊಂಡರೆ, ಒಟ್ಟು ಸಾಧ್ಯವಾಗುವ ಭಿನ್ನ ಕಿವಿಗಳು ೧ ಕೋಟಿ ೭೦ ಲಕ್ಷಕ್ಕಿಂತ ಕಡಮೆ. ಜಗತ್ತಿನ ಜನಸಂಖ್ಯೆಯ ಮುಂದೆ ಇದೆಷ್ಟು? ಕಿವಿಗಳು ನಿಜವಾಗಿ ಎಷ್ಟೇ ಭಿನ್ನವಾಗಿದ್ದರೂ ಈ ಬಲೆಯ ಕಣ್ಣು ಆ ಭೇದಗಳನ್ನು ಹಿಡಿಯುವಷ್ಟು ಚಿಕ್ಕದಲ್ಲ. ನಮ್ಮ ವಾದದ ತಿರುಳೂ ಇದೇ. ಪ್ರಕೃತಿಯಲ್ಲಿ ಎರಡು ಹುಣಿಸೆಯ ಎಲೆಗಳೂ ಒಂದೇ ಆಗಿರಲಾರವು. ಪ್ರಶ್ನೆ ಅದಲ್ಲ, ನಮ್ಮ ಕೈಗೆ ಬಂದಿರುವ ಮಸುಕಾದ ಪ್ರತಿಯಲ್ಲಿ ಆ ಭೇದ ಉಳಿದಿದೆಯೆ, ಅಂಥದೇ ಮಸುಕಾದ ಪ್ರತಿಯನ್ನು ಇನ್ನೆಷ್ಟು ಜನ ಬಿಡಬಲ್ಲರು ಎಂಬುದು.

ಇಲ್ಲಿಂದ ಇತಿಹಾಸದ ಎರಡು ಪ್ರಸಿದ್ಧ ವ್ಯಾಜ್ಯಗಳಿಗೆ ಬರೋಣ. ಎರಡರಲ್ಲಿಯೂ ಸತ್ತರೆಂದು ನಂಬಿದ್ದ ರಾಜವಂಶದವರು ತಾವೇ ಎಂದು ಹೇಳಿಕೊಂಡು ಬಂದವರಿದ್ದಾರೆ. ಎರಡರಲ್ಲಿಯೂ ಕಿವಿಯ ಮಾತು ಬಂದಿದೆ.

ಮೊದಲನೆಯದು ಬಂಗಾಳದ ಭಾವಲ್ ಸಂಸ್ಥಾನದ ಮೊಕದ್ದಮೆ. ೧೯೦೯ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡನೆನ್ನಲಾದ ಎರಡನೆಯ ಕುಮಾರ ರಮೇಂದ್ರನಾರಾಯಣ ರಾಯ್‌ಯೇ ತಾನೆಂದು ಸಂನ್ಯಾಸಿಯೊಬ್ಬನು ಸುಮಾರು ಹನ್ನೆರಡು ವರ್ಷಗಳ ತರುವಾಯ ಢಾಕಾದಲ್ಲಿ ಕಾಣಿಸಿಕೊಂಡನು. ೧೯೩೦ರಲ್ಲಿ ದಾವೆ ಹೂಡಲಾಯಿತು. ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ಕೇಳಿದ ನ್ಯಾಯಾಧೀಶ ಪನ್ನಾಲಾಲ್ ಬಸು ೧೯೩೬ರಲ್ಲಿ ಸಂನ್ಯಾಸಿಯ ಪರವಾಗಿ ತೀರ್ಪಿತ್ತರು. ೧೯೪೦ರಲ್ಲಿ ಕಲ್ಕತ್ತ ಹೈಕೋರ್ಟೂ ೧೯೪೬ರಲ್ಲಿ ಪ್ರಿವಿ ಕೌನ್ಸಿಲೂ ಅದನ್ನು ಎತ್ತಿಹಿಡಿದವು. ಗೆದ್ದವನು ಗೆಲವಿನ ಕೆಲವೇ ದಿನಗಳಲ್ಲಿ ಮರಣಹೊಂದಿದನು. ಕುಮಾರನಿಗೂ ವಾದಿಗೂ ಕೂಡಿಬಂದ ದೇಹಲಕ್ಷಣಗಳ ಪಟ್ಟಿಯಲ್ಲಿ ಕಿವಿಯ ಅಂಚಿನ ಒಂದು ಚೂಪಾದ ಕೋನವೂ, ಕೆನ್ನೆಗೆ ಅಂಟದೆ ಬಿಡಿಯಾಗಿದ್ದ ಚುಚ್ಚಿದ ಹಾಲೆಯೂ ಸೇರಿವೆ. ಆದರೆ ಅವು ಇರುವುದು ಉದ್ದವಾದ ಪಟ್ಟಿಯೊಂದರ ನಡುವೆ. ಮುರಿದ ಹಲ್ಲು, ಎಡಹರಡಿನ ಮೇಲಣ ಗಾಯದ ಕಲೆ, ಪಾದದ ಒರಟು ಚರ್ಮ, ತೋಳಿನ ಮೇಲೆ ಹುಲಿಯುಗುರಿನ ಗುರುತು, ಕೆಳರೆಪ್ಪೆಯೊಳಗಿನ ಚಿಕ್ಕ ಮಾಂಸದ ಬಿಂದು ಮೊದಲಾದವು ಕಿವಿಯ ಜೊತೆಗಾರರು. ಚುಚ್ಚಿದ ಬಿಡಿಹಾಲೆ ಬಂಗಾಳದಲ್ಲಿ ಎಷ್ಟು ಜನಕ್ಕಿರಲಿಲ್ಲ? ಹುಲಿಯುಗುರಿನ ಕಲೆಯಾದರೋ ಹಾಗಲ್ಲ. ಪಟ್ಟಿಯಲ್ಲಿ ಒಂದೊಂದೂ ಒಂದೊಂದು ಅಂಕೆಯಂತೆ ಕಂಡರೂ ಅವುಗಳ ತೂಕ ಒಂದೇ ಅಲ್ಲ. ಹಲವು ಲಕ್ಷಣಗಳು ಪರಸ್ಪರ ಸ್ವತಂತ್ರವಾಗಿದ್ದು ಒಟ್ಟಾಗಿ ಕೂಡಿಬಂದಾಗ ಹುಟ್ಟುವ ಬಲವೇ ಅದರ ಬಲ. ಇಷ್ಟಾದರೂ ಪಾರ್ಥ ಚಟರ್ಜಿಯವರು ೨೦೦೨ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದ ಹೆಸರಿನಲ್ಲಿಯೇ ಪ್ರಶ್ನಾರ್ಥಕಚಿಹ್ನೆಯನ್ನು ಉಳಿಸಿದ್ದಾರೆ. ಮೂರು ನ್ಯಾಯಾಲಯಗಳು ಮುಗಿಸಿದ ವಿಷಯವನ್ನು ಇತಿಹಾಸಕಾರನು ಹೀಗೆ ತೆರೆದಿಡುವುದು ಅಧಿಕಪ್ರಸಂಗವೆಂದು ನಾವು ಭಾವಿಸುವುದಿಲ್ಲ.

ಎರಡನೆಯದರಲ್ಲಿ ಪ್ರಶ್ನಾರ್ಥಕಚಿಹ್ನೆಗೆ ಈಗ ಎಡೆಯಿಲ್ಲ. ೧೯೨೦ರ ಫೆಬ್ರುವರಿಯಲ್ಲಿ ಬರ್ಲಿನ್ ನಗರದ ಕಾಲುವೆಯೊಂದರಿಂದ ಮೇಲೆತ್ತಿದ ತರುಣಿಯೊಬ್ಬಳು ತನ್ನ ಹೆಸರನ್ನು ಹೇಳಲೊಲ್ಲದೆ ಆಸ್ಪತ್ರೆ ಸೇರಿದಳು. ಕೆಲಕಾಲದ ಮೇಲೆ, ೧೯೧೮ರಲ್ಲಿ ಕುಟುಂಬಸಮೇತ ಕೊಲೆಯಾದ ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಸ್‌ನ ಕಿರಿಯ ಮಗಳು ಅನಸ್ತಾಸಿಯಾ ಈಕೆಯೇ ಎಂಬ ಮಾತು ಹಬ್ಬಿತು. ಆನಾ ಆಂಡರ್ಸನ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಈಕೆಯ ಪರವಾಗಿ ಜರ್ಮನಿಯ ನ್ಯಾಯಾಲಯಗಳಲ್ಲಿ ೧೯೩೮ರಿಂದ ೧೯೭೦ರವರೆಗೆ ವ್ಯಾಜ್ಯ ನಡೆದು, ಹಕ್ಕು ಸಿದ್ಧವಾಗಲಿಲ್ಲ, ಸುಳ್ಳೆಂಬುದೂ ಸಿದ್ಧವಾಗಲಿಲ್ಲ ಎಂಬ ನಿರ್ಣಯದೊಡನೆ ಮುಗಿಯಿತು.

ಕಿವಿಯ ಪರೀಕ್ಷೆಗೆ ಇದಕ್ಕಿಂತ ಅನುಕೂಲವಾದ ಸಂದರ್ಭವನ್ನು ಕಲ್ಪಿಸುವುದು ಕಷ್ಟ. ರಷ್ಯದ ರಾಜಕುಟುಂಬದವರಿಗೆ ಛಾಯಾಗ್ರಹಣದ ಹವ್ಯಾಸ ವಿಪರೀತವಾಗಿತ್ತು. ರಾಜಕುಮಾರಿಯ ಚಿತ್ರಗಳಿಗೆ ಬರಗಾಲವಿರಲಿಲ್ಲ. ಎದುರಿಗೆ ಜೀವಂತ ಸ್ತ್ರೀಯೇ ಇದ್ದಳು. ಲೈಪ್ಸಿಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದು ಜನಾಂಗವಾದದ ಪ್ರತಿಪಾದಕನೂ ಆಗಿದ್ದ ಓಟೊ ರೆಖೆ ಎಂಬ ಮಾನವಶಾಸ್ತ್ರಜ್ಞನು ಹ್ಯಾಂಬರ್ಗಿನ ವಿಚಾರಣೆಗಾಗಿ ಚಿತ್ರಗಳನ್ನು ತಾಳೆನೋಡಿ, ಈಕೆಯು ಅನಸ್ತಾಸಿಯಾ ಆಗಿರಬೇಕು ಇಲ್ಲವೆ ಆಕೆಯ ತದ್ರೂಪ ಅವಳಿಯಾಗಿರಬೇಕು ಎಂದನು. ೧೯೭೭ರಲ್ಲಿ ಮೋರಿಟ್ಜ್ ಫುರ್ಟ್‌ಮಾಯರ್ ಎಂಬ ಪರಿಣತನು ಇಬ್ಬರ ಕಿವಿಗಳನ್ನು ಹೋಲಿಸಿ ಹದಿನೇಳು ಅಂಶಗಳು ಕೂಡಿಬರುವುವೆಂದು ಘೋಷಿಸಿದನು. ಜರ್ಮನಿಯ ನ್ಯಾಯಾಲಯಗಳು ಗುರುತಿಗೆ ಸಾಕೆಂದು ಎಣಿಸುತ್ತಿದ್ದುದು ಹನ್ನೆರಡು. ಇಲ್ಲಿ ಐದು ಹೆಚ್ಚಾಗಿಯೇ ಸಿಕ್ಕಿದ್ದವು. ಬಹುಜನ ಓದುಗರಿಗೆ ಪ್ರಕರಣವು ತೀರಿದಂತೆ ತೋರಿತು.

ಆನಾ ಆಂಡರ್ಸನ್ ೧೯೮೪ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ತೀರಿಕೊಂಡಳು. ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಾದಾಗ ತೆಗೆದ ಆಕೆಯ ಕರುಳಿನ ತುಣುಕು ಅಲ್ಲಿಯ ಆಸ್ಪತ್ರೆಯಲ್ಲಿ ಉಳಿದಿದ್ದಿತು. ೧೯೯೪ರಲ್ಲಿ ಅದರ ಡಿ.ಎನ್.ಎ. ಪರೀಕ್ಷೆ ನಡೆದಾಗ ಚಕ್ರವರ್ತಿನಿಯ ಮಾತೃವಂಶದೊಡನೆ ಅದು ಕೂಡಲಿಲ್ಲ. ಕೂಡಿದ್ದು ಫ್ರಾನ್ಸಿಸ್ಕಾ ಷಾಂಟ್ಸ್‌ಕೋವ್‌ಸ್ಕಾ ಎಂಬ ಪೋಲಿಷ್ ಮೂಲದ ಕಾರ್ಖಾನೆಯ ಕೆಲಸಗಾರ್ತಿಯ ಬಂಧುವಿನ ಡಿ.ಎನ್.ಎ.ಯೊಡನೆ. ಯೆಕತೆರಿನ್‌ಬರ್ಗಿನ ಸಮೀಪ ೧೯೯೧ರಲ್ಲಿ ತೆಗೆದ ಅಸ್ಥಿಗಳ ಜೊತೆಗೆ ೨೦೦೭ರಲ್ಲಿ ಉಳಿದಿಬ್ಬರು ಮಕ್ಕಳ ಅಸ್ಥಿಗಳೂ ದೊರೆತು, ೨೦೦೯ರಲ್ಲಿ ಪರೀಕ್ಷಾಫಲ ಪ್ರಕಟವಾದ ಮೇಲೆ, ಚಕ್ರವರ್ತಿಯ ಮಕ್ಕಳಲ್ಲಿ ಯಾರೂ ತಪ್ಪಿಸಿಕೊಂಡಿರಲಿಲ್ಲವೆಂಬುದು ನಿಶ್ಚಿತವಾಯಿತು.

ಹಾಗಾದರೆ ಆ ಹದಿನೇಳು ಅಂಶಗಳು ಏನಾದುವು? ಅವು ಸುಳ್ಳಾಗಿದ್ದುವೆಂದು ನಾವು ಹೇಳುವುದಿಲ್ಲ. ಫುರ್ಟ್‌ಮಾಯರನು ಕಂಡದ್ದನ್ನೇ ಹೇಳಿರಬಹುದು. ಇಬ್ಬರು ಸ್ತ್ರೀಯರ ಕಿವಿಗಳು ಹದಿನೇಳು ಅಂಶಗಳಲ್ಲಿ ನಿಜವಾಗಿ ಹೋಲುತ್ತಿದ್ದಿರಬಹುದು. ಹೋಲಿಕೆ ಇದ್ದೂ ಅಭೇದ ಇಲ್ಲದಿರುವುದು ಸಾಧ್ಯವೆಂಬುದೇ ಪಾಠ. ಹನ್ನೆರಡೆಂಬ ಗಡಿಯ ಹಿಂದೆ ಕಿವಿಯ ಎಣಿಕೆಯೇನಾದರೂ ಇದ್ದಿತೆ? ಜರ್ಮನಿಯ ಒಂದು ಸಾವಿರ ಸ್ತ್ರೀಯರ ಕಿವಿಗಳನ್ನು ಅದೇ ರಾಜಕುಮಾರಿಯ ಚಿತ್ರದೊಡನೆ ತಾಳೆನೋಡಿ, ಎಷ್ಟು ಮಂದಿಗೆ ಹನ್ನೆರಡು, ಎಷ್ಟು ಮಂದಿಗೆ ಹದಿನೇಳು ಅಂಶಗಳು ಕೂಡುತ್ತವೆ ಎಂದು ಮೊದಲು ತಿಳಿಯದೆ, ಹದಿನೇಳೆಂಬುದು ಹೆಚ್ಚೋ ಕಡಮೆಯೋ ಹೇಳುವ ಬಗೆ ಯಾವುದು? ಅಲ್ಲದೆ ಪರೀಕ್ಷಕನ ಮುಂದೆ ಬಂದದ್ದು ಸಾವಿರ ಮಂದಿಯಲ್ಲ, ಒಬ್ಬಳೇ. ಆಕೆ ಯಾರಾಗಿರಬೇಕೆಂದು ಅರ್ಧ ಜಗತ್ತು ಬಯಸಿದ್ದಿತೋ ಅದು ಅವನಿಗೆ ಮೊದಲೇ ಗೊತ್ತಿದ್ದಿತು. ಬಯಕೆಯುಳ್ಳ ಕಣ್ಣಿಗೆ ಅಂಶಗಳು ಎಣಿಕೆಗೆ ಸಿಕ್ಕುತ್ತಲೇ ಹೋಗುತ್ತವೆ.

ಹೋಲದಿರುವುದರ ಬಲ ಬೇರೆ ಬಗೆಯದು. ವಯಸ್ಸು, ಗಾಯ, ಆಭರಣ, ಕ್ಯಾಮರಾದ ಕೋನ, ತಿರುವುಮುರುವಾಗಿ ಅಚ್ಚಾದ ಗಾಜಿನ ಫಲಕ ಇವಾವುದರಿಂದಲೂ ವಿವರಿಸಲಾಗದ ಒಂದೇ ಒಂದು ರೂಪಭೇದವು ಕಿವಿಯ ಮೂಲರಚನೆಯಲ್ಲಿ ಕಂಡುಬಂದರೂ ‘ಇವನು ಅವನಲ್ಲ’ ಎನ್ನಬಹುದು. ನಿಷೇಧಕ್ಕೆ ಕಿವಿ ಸಮರ್ಥವಾದ ಸಾಕ್ಷಿ. ಬರ್ಟಿಲಾನನ ಕಪಾಟಿನಲ್ಲಿ ಅದು ಗೆದ್ದದ್ದೂ ಈ ಕಾರಣದಿಂದಲೇ.

ಛಾಯಾಚಿತ್ರದ ಕಿವಿಯೇ ಹೀಗಿರುವಾಗ ಬಾಗಿಲಿನ ಮೇಲೆ ಒತ್ತಿದ ಕಿವಿಯ ಗುರುತನ್ನು ಕೇಳಬೇಕಾದುದಿಲ್ಲ. ಕಳ್ಳನು ಒಳಗೆ ಯಾರಿದ್ದಾರೆಂದು ಆಲಿಸಲು ಬಾಗಿಲಿಗೋ ಗಾಜಿಗೋ ಕಿವಿಗೊಡುತ್ತಾನೆ. ಬೆವರು ಜಿಡ್ಡುಗಳ ಅಚ್ಚು ಅಲ್ಲಿ ನಿಲ್ಲುತ್ತದೆ. ಮೃದ್ವಸ್ಥಿಯು ಬಾಗುವ ವಸ್ತು. ಮೆಲ್ಲನೆ ಒತ್ತಿದಾಗಿನ ಅಚ್ಚೂ ಬಲವಾಗಿ ಒತ್ತಿದಾಗಿನ ಅಚ್ಚೂ ಒಂದೇ ಆಗಿರುವುದಿಲ್ಲ, ತಲೆಯನ್ನು ಓರೆಮಾಡಿದರೆ ಮೂರನೆಯದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ೧೯೯೪ರಲ್ಲಿ ನಡೆದ ಕೊಲೆಯೊಂದಕ್ಕೆ ಸಂಬಂಧಿಸಿ ಇಂಥ ಅಚ್ಚಿನ ಸಾಕ್ಷ್ಯವೂ ಸೇರಿದ ಆಧಾರದ ಮೇಲೆ ೧೯೯೭ರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು. ೧೯೯೯ರಲ್ಲಿ ಅಲ್ಲಿಯ ಮೇಲ್ಮನವಿಯ ನ್ಯಾಯಾಲಯವು, ಕಿವಿಯಚ್ಚಿನಿಂದ ವ್ಯಕ್ತಿಯನ್ನು ಗುರುತಿಸುವ ಶಾಸ್ತ್ರವು ತಜ್ಞರ ಸಮುದಾಯದಲ್ಲಿ ಸಾಮಾನ್ಯವಾಗಿ ಅಂಗೀಕೃತವಾದುದಲ್ಲವೆಂದು ಹೇಳಿ ಶಿಕ್ಷೆಯನ್ನು ರದ್ದುಪಡಿಸಿತು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ೧೯೯೬ರಲ್ಲಿ ೯೪ ವರ್ಷದ ವೃದ್ಧೆಯೊಬ್ಬಳ ಕೊಲೆಯಾದಾಗ ಕಿಟಕಿಯ ಗಾಜಿನ ಮೇಲೆ ಕಿವಿಯ ಗುರುತು ದೊರೆಯಿತು. ಅದು ತನ್ನದಲ್ಲವೆಂದು ಹೇಳುತ್ತಲೇ ಒಬ್ಬನು ೧೯೯೮ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದನು. ೨೦೦೨ರಲ್ಲಿ ಆ ತೀರ್ಪು ರದ್ದಾಯಿತು. ಮರುವಿಚಾರಣೆಯ ಕಾಲಕ್ಕೆ ಅದೇ ಅಚ್ಚಿನಿಂದ ತೆಗೆದ ಡಿ.ಎನ್.ಎ. ಬೇರೊಬ್ಬನದೆಂದು ತಿಳಿದು, ೨೦೦೪ರಲ್ಲಿ ಆತನು ಬಿಡುಗಡೆ ಹೊಂದಿದನು. ಆಕಾರವನ್ನು ನೋಡಿ ‘ಇವನದೇ’ ಎಂದ ಗುರುತಿನಲ್ಲಿಯೇ ‘ಇವನದಲ್ಲ’ ಎಂಬ ಉತ್ತರವೂ ಅಡಗಿದ್ದಿತು.

ಈ ಆಘಾತದ ತರುವಾಯ ಯೂರೋಪಿನಲ್ಲಿ ನಡೆದ ಕೆಲಸ ಶ್ಲಾಘ್ಯವಾದುದು. ಬ್ರಿಟನ್, ಇಟಲಿ, ನೆದರ್ಲೆಂಡ್ಸ್ ದೇಶಗಳ ಸಹಕಾರದಿಂದ ೨೦೦೨ರಲ್ಲಿ ಆರಂಭವಾದ ‘ಫಿಯರ್ ಐ.ಡಿ.’ ಎಂಬ ಯೋಜನೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿಯ ಕಿವಿಯಚ್ಚುಗಳನ್ನು ಸಂಗ್ರಹಿಸಿ ಯಂತ್ರದಿಂದ ಹೋಲಿಸಿದರು. ಪ್ರಯೋಗಾಲಯದಲ್ಲಿ ಎಚ್ಚರಿಕೆಯಿಂದ ತೆಗೆದ ಅಚ್ಚುಗಳಲ್ಲಿ ತಪ್ಪಿನ ಪ್ರಮಾಣ ಶೇಕಡ ೪ರ ಸುಮಾರು. ಅಪರಾಧದ ಸ್ಥಳದಲ್ಲಿ ದೊರೆಯುವ ಬಗೆಯ ಅಚ್ಚುಗಳಲ್ಲಿ ಶೇಕಡ ೯ರ ಸುಮಾರು. ಯಾನರೆಲ್ಲಿಯ ಹತ್ತು ಸಾವಿರಕ್ಕಿಂತ ಈ ಸಾವಿರದ ಇನ್ನೂರಕ್ಕೆ ಬೆಲೆ ಹೆಚ್ಚೆಂಬುದು ನಮ್ಮ ಮತ. ಮೊದಲನೆಯದು ತನ್ನ ತಪ್ಪನ್ನು ಎಣಿಸಲಿಲ್ಲ, ಎರಡನೆಯದು ಎಣಿಸಿತು. ೨೦೦೮ರಲ್ಲಿ ಇಂಗ್ಲೆಂಡಿನ ಮೇಲ್ಮನವಿಯ ನ್ಯಾಯಾಲಯವು ಕಳ್ಳತನದ ಪ್ರಕರಣವೊಂದರಲ್ಲಿ ಇನ್ನೂ ನಯವಾದ ಗೆರೆಯೊಂದನ್ನು ಎಳೆದಿದೆ: ಅಚ್ಚಿನಲ್ಲಿ ಸೂಕ್ಷ್ಮವಾದ ಗೀರು ಮಚ್ಚೆಗಳು ಸ್ಪಷ್ಟವಾಗಿದ್ದರೆ ಅದು ಗುರುತಿಗೆ ನೆರವಾಗಬಹುದು, ಕಿವಿಯ ಸ್ಥೂಲವಾದ ಆಕಾರ ಮಾತ್ರ ಕೂಡಿಬಂದರೆ ಸಾಲದು. ಬೆರಳಚ್ಚಿಗೂ ಈ ಎಚ್ಚರ ಬೇಕು. ೨೦೦೪ರ ಮ್ಯಾಡ್ರಿಡ್ ಸ್ಫೋಟದ ತನಿಖೆಯಲ್ಲಿ ಅಮೆರಿಕದ ಕೇಂದ್ರ ತನಿಖಾಸಂಸ್ಥೆಯ ಪರಿಣತರು ಸಂಬಂಧವೇ ಇಲ್ಲದ ವಕೀಲನೊಬ್ಬನ ಬೆರಳನ್ನು ಅಪರಾಧಿಯ ಬೆರಳೆಂದು ಸಾರಿ, ಬಳಿಕ ಕ್ಷಮೆ ಕೇಳಬೇಕಾಯಿತು.

ನಮ್ಮ ದೇಶದ ಮಟ್ಟಿಗೆ ಈ ಚರ್ಚೆ ದೂರದ್ದೆಂದು ತಿಳಿಯಬಾರದು. ೧೯೨೦ರ ಕಾನೂನಿನಲ್ಲಿ ಬಂದಿಗಳ ‘ಅಳತೆ’ ಎಂದರೆ ಬೆರಳಚ್ಚು ಮತ್ತು ಹೆಜ್ಜೆಯ ಗುರುತುಗಳೂ ಸೇರಿದ್ದುವು. ಅದರ ಸ್ಥಾನದಲ್ಲಿ ಬಂದ ೨೦೨೨ರ ಕಾಯಿದೆಯು ಅಂಗೈ, ಕಣ್ಣಿನ ಪಾಪೆಯ ಸುತ್ತಣ ಪಟಲ, ಅಕ್ಷಿಪಟಲ, ಛಾಯಾಚಿತ್ರ, ಸಹಿ, ಕೈಬರೆಹ, ದೈಹಿಕ ಮತ್ತು ಜೈವಿಕ ಮಾದರಿಗಳವರೆಗೆ ಅದನ್ನು ವಿಸ್ತರಿಸಿ, ದಾಖಲೆಗಳನ್ನು ೭೫ ವರ್ಷಗಳವರೆಗೆ ಇಡಲು ಅವಕಾಶ ಕೊಟ್ಟಿದೆ. ಕಿವಿಯ ಹೆಸರು ಅಲ್ಲಿಲ್ಲ. ಪಕ್ಕದಿಂದ ತೆಗೆದ ಛಾಯಾಚಿತ್ರವಿದ್ದ ಮೇಲೆ ಹೆಸರಿನ ಅಗತ್ಯವೂ ಇಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೩೯ನೆಯ ಕಲಮು, ಪರಿಣತರ ಅಭಿಪ್ರಾಯ ಗ್ರಾಹ್ಯವಾಗುವ ವಿಷಯಗಳಾಗಿ ೧೮೭೨ರ ಕಾಯಿದೆಯಲ್ಲಿದ್ದ ವಿದೇಶೀ ಕಾನೂನು, ವಿಜ್ಞಾನ, ಕಲೆಗಳ ಜೊತೆಗೆ ‘ಇತರ ಯಾವುದೇ ಕ್ಷೇತ್ರ’ ಎಂಬ ಮಾತನ್ನು ಸೇರಿಸಿದೆ. ವಾಷಿಂಗ್ಟನ್ನಿನ ನ್ಯಾಯಾಲಯವು ಮೊದಲು ಕೇಳಿದ ಪ್ರಶ್ನೆ, ಎಂದರೆ ಈ ಪರಿಣತನ ಶಾಸ್ತ್ರವು ಶಾಸ್ತ್ರವೆಂದು ಬಲ್ಲವರಿಂದ ಅಂಗೀಕೃತವಾಗಿದೆಯೆ ಎಂಬ ಪ್ರಶ್ನೆ, ಆ ಕಲಮಿನ ಪಾಠದಲ್ಲಿ ಎಲ್ಲಿಯೂ ಬರೆದಿಲ್ಲ. ಕಿವಿಯ ಪರಿಣತನೊಬ್ಬನು ನಮ್ಮ ಜಿಲ್ಲಾ ನ್ಯಾಯಾಲಯವೊಂದರ ಸಾಕ್ಷಿಕಟ್ಟೆಯನ್ನು ಏರಿದ ದಿನ ಅದನ್ನು ಕೇಳಬೇಕಾದವರು ಎದುರುಪಕ್ಷದ ವಕೀಲರು. ತಪ್ಪಿನ ಪ್ರಮಾಣವೆಷ್ಟೆಂದು ಕೇಳುವುದಕ್ಕೆ ಮುನ್ನ, ಅದನ್ನು ಎಣಿಸಿದವರು ಯಾರಾದರೂ ಇದ್ದಾರೆಯೆ ಎಂದೂ ಅವರು ಕೇಳಬೇಕಾಗುತ್ತದೆ.